ದಾಲ್ ಮಿಲ್ಲಿನ ಡ್ಯಾಶ್‌ಬೋರ್ಡ್: ನಂಬರ್ ಮುನೀಮರ ಖಾತೆಗೆ ತಾಳೆ ಆಗ್ವಲ್ದು, ರೇಟ್ ಹೆಂಗ ಹಚ್ಚಬೇಕು?

ತೊಗರಿನಾಡು, ಕಲಬುರಗಿ

ಎಲ್ಲಾರಿಗೂ ನಮಸ್ಕಾರ್ರಿ. ಬೆಂಗಳೂರಾಗ ಒಂದು ಕಂಪನಿಯೊಳಗ ಪವರ್ ಬಿಐ (ಡೇಟಾ ಕೂಡಿಸಿ ಚಾರ್ಟ್, ರಿಪೋರ್ಟ್ ಮಾಡೋ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಕೆಲಸ ಮಾಡ್ತಿದ್ದೆ, ಮನಿ ಕಾರಣಕ್ಕ ಊರಿಗೆ ವಾಪಸ್ ಬಂದು ಈಗ ಸ್ವಂತ ಕನ್ಸಲ್ಟಿಂಗ್ ಶುರು ಮಾಡೀನಿ. ಸಿಕ್ಕ ಮೊದಲ್ನೇ ದೊಡ್ಡ ಕೆಲಸ ಅಂದ್ರ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗಿನ ಒಂದು ದಾಲ್ ಮಿಲ್. ಸಾವಕಾರ್ರು ಒಳ್ಳೆ ಮಂದಿ, ಮಗ ಎಂಬಿಎ ಓದಿ ಬಂದಾನ, ಅವನ ಒತ್ತಾಯಕ್ಕನ ಈ ಡ್ಯಾಶ್‌ಬೋರ್ಡ್ ಆಗ್ಲಕತ್ತದ.

ಡೇಟಾ ಮೂರ್ ಕಡಿಂದ ಬರ್ತದ. ಖರೀದಿ, ಮಾರಾಟ, ಉದ್ರಿ ಎಲ್ಲಾ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಒಳಗ. ಲಾರಿ ತೂಕ ಕಾಟಾದ ಹುಡುಗ ಎಕ್ಸೆಲ್‌ನಾಗ ಬರೀತಾನ. ದಿನಾ ಎಷ್ಟು ತೊಗರಿ ಮಷೀನಿಗೆ ಹೋಯ್ತು, ಎಷ್ಟು ಬ್ಯಾಳಿ, ನುಚ್ಚು, ಹೊಟ್ಟು ಬಂತು ಅನ್ನೂದು ಸೂಪರ್‌ವೈಸರ್ ನೋಟ್‌ಬುಕ್ಕಿನಾಗ ಇರ್ತದ, ಅದನ್ನ ಸಂಜಿಕ್ ಯಾರಾರ ಒಬ್ರು ಶೀಟಿಗೆ ಹೊಡೀತಾರ. ಇಷ್ಟೂ ಕೂಡಿಸಿ ಖರೀದಿ, ಸ್ಟಾಕ್, ರಿಕವರಿ (ನೂರು ಕಿಲೋ ತೊಗರಿಗೆ ಎಷ್ಟು ಬ್ಯಾಳಿ ಬಂತು ಅನ್ನೂದು), ಉದ್ರಿ ಅಂತ ನಾಕು ಪೇಜ್ ಮಾಡಿ ಕೊಟ್ಟೀನಿ. ನೋಡ್ಲಾಕ ಚಂದ ಅದ, ಮಗ ಖುಷಿ ಆಗ್ಯಾನ.

ಆದ್ರ ಸಾವಕಾರ್ರು ಮುಂಜಾನಿ ಬಂದ ಕೂಡ್ಲೇ ಮೊಬೈಲ್ ತೆಗಿಯಂಗಿಲ್ಲ, ಮುನೀಮರನ್ನೇ ಕರೀತಾರ. ಮುನೀಮರು ಹೇಳೋ ಉದ್ರಿ ಬ್ಯಾರೆ, ನಂದು ತೋರಿಸೋ ಉದ್ರಿ ಬ್ಯಾರೆ. ರಿಕವರಿ ಅಂತೂ ಡಿಸೆಂಬರ್‌ದಾಗ 56 ಪರ್ಸೆಂಟ್ ತೋರಿಸ್ತದ, ಜನವರಿದಾಗ 85. ಮುನೀಮರು ಸ್ಕ್ರೀನ್ ನೋಡಿ "85 ಯಾವ ಮಿಲ್ಲಿನಾಗೂ ಬರೂದಿಲ್ಲ ತಂಗಿ" ಅಂದ್ರು, ಆ ಮ್ಯಾಲ ಆ ಪೇಜ್ ಯಾರೂ ತೆಗ್ದಿಲ್ಲ. ಫಾರ್ಮುಲಾ ಎಷ್ಟೇ ಸಲ ನೋಡಿದ್ರೂ ಸರಿನೇ ಅದ, ಬಂದ ಬ್ಯಾಳಿ ಭಾಗಿಸು ಹೋದ ತೊಗರಿ, ಅಷ್ಟೇ.

ಇನ್ನ ಎರಡ್ನೇದು ದುಡ್ಡಿನ ವಿಷಯ. ಇಡೀ ಕೆಲಸಕ್ಕ ಒಂದೇ ರೇಟ್ ಮಾತಾಡೀವಿ, ವಾರ ವಾರ "ಇನ್ನೊಂದು ಚಾರ್ಟ್ ಹಾಕ್ರಿ ಮೇಡಂ" ಅಂತ ಫೋನ್ ಬರ್ತದ. ನೀವೆಲ್ಲಾ ರೇಟ್ ಹೆಂಗ ಹಚ್ತೀರಿ, ದಿನಕ್ಕೋ, ಪೇಜಿಗೋ, ತಿಂಗಳಿಗೋ? ಲೈಸೆನ್ಸ್ ಯಾರ ಹೆಸರಿನಾಗ ತಗೋಬೇಕು? ರಿಫ್ರೆಶ್ (ಹೊಸಾ ಡೇಟಾ ತಾನೇ ಎಳಕೊಳ್ಳೋದು) ಬ್ಯಾರೆ ದಿನಾ ಮುಂಜಾನಿ ಫೇಲ್ ಅಂತ ಮೇಲ್ ಬರ್ತದ. ನಮ್ಮ ಕಡಿ ಇದೇ ಕೆಲಸ ಮಾಡೋರು ಯಾರರ ಇದ್ರ ದಯವಿಟ್ಟು ಹೇಳ್ರಿ.

ಕೋಟೆ ಕಡಿಯಾಂವ, ಬೀದರ್

ಅಕ್ಕಾ, ನಾ ಇದೇ ಕೆಲಸ ಮಾಡ್ತೀನಿ, ಹೊರಗಿನ ಕ್ಲೈಂಟೂ ಅದಾರ, ಇಲ್ಲಿ ಬೀದರ್ ಹುಮನಾಬಾದ್ ಕಡಿಯೋರೂ ಅದಾರ. ಮೊದಲ ರಿಕವರಿ ವಿಷಯ ಹೇಳ್ತೀನಿ, ಯಾಕಂದ್ರ ನಿಮ್ಮ ಮಿಲ್ಲಿನಾಗ ಮಂದಿಯ ನಂಬಿಕಿ ಅಲ್ಲೇ ಮುರದದ.

ನಿಮ್ಮ ಫಾರ್ಮುಲಾ ಸರಿ ಅದ, ಭಾಗಿಸೋ ಎರಡು ನಂಬರ್ ಒಂದೇ ಮಾಲಿಂದಲ್ಲ. ತೊಗರಿ ಇವತ್ತು ಮಷೀನಿಗೆ ಹಾಕಿದ್ರ ಇವತ್ತೇ ಬ್ಯಾಳಿ ಆಗಿ ಚೀಲ ಸೇರಂಗಿಲ್ಲ. ಸ್ವಚ್ಛ ಮಾಡಿ, ಸಿಪ್ಪಿಗೆ ಗೀರು ಹಾಕಿ, ಎಣ್ಣಿ ಸವರಿ, ಅಂಗಳದಾಗ ಬಿಸಿಲಿಗೆ ಹರವಿ, ರಾತ್ರಿ ಗುಂಪಿ ಹಾಕಿಟ್ಟು, ನೀರು ಕೊಟ್ಟು ಮತ್ತ ಒಣಗಿಸಿ ಆಮ್ಯಾಲ ಒಡೀತಾರ. ದಿನಗಟ್ಲೆ ಹಿಡೀತದ, ಡಿಸೆಂಬರ್ ಕೊನೀಗೆ ಮೋಡ ಹಾಕಿದ್ರ ಇನ್ನೂ ಹೆಚ್ಚು. ಲೆಕ್ಕ ಹಾಕಿ ನೋಡ್ರಿ, ಡಿಸೆಂಬರ್‌ದಾಗ 1000 ಕ್ವಿಂಟಲ್ ತೊಗರಿ ಇಶ್ಯೂ ಆಯ್ತು (ಮಷೀನಿಗೆ ಹೋಯ್ತು) ಅಂತ ಹಿಡೀರಿ, ಖರೇ ರಿಕವರಿ 72 ಇದ್ರ 720 ಕ್ವಿಂಟಲ್ ಬ್ಯಾಳಿ ಬರಬೇಕು, ಆದ್ರ ತಿಂಗಳ ಕೊನೀಗೆ 560 ಅಷ್ಟೇ ಬಂದದ, ಉಳಿದ 160 ಅಂಗಳದಾಗ ಬಿಸಿಲಿಗೆ ಬಿದ್ದದ. ನಿಮ್ಮ ಡ್ಯಾಶ್‌ಬೋರ್ಡ್ 56 ಅಂತದ. ಜನವರಿದಾಗ 800 ಕ್ವಿಂಟಲ್ ಇಶ್ಯೂ, ಅದರಿಂದ 520 ಬಂತು, ಹಿಂದಿನ ತಿಂಗಳ 160 ಕೂಡಿ 680, ಡ್ಯಾಶ್‌ಬೋರ್ಡ್ 85 ಅಂತದ. ಎರಡೂ ಸುಳ್ಳು. ನಡುವಿನ 72 ಖರೇ, ಅದನ್ನ ನಿಮ್ಮ ಮುನೀಮರು ಶೀಟ್ ನೋಡ್ದೇ ಹೇಳ್ತಾರ, ಯಾಕಂದ್ರ ದಾಲ್ ಮಿಲ್ಲಿನಾಗ 70ರಿಂದ 75ರೊಳಗ ಬರ್ತದ ಅನ್ನೂದು ಅವರಿಗೆ ವರ್ಷಾನುಗಟ್ಲೆ ಕಂಡ ಮಾತು.

ಅದಕ್ಕ ರಿಕವರಿ ತಿಂಗಳ ಮ್ಯಾಲ ತೆಗೀಬ್ಯಾಡ್ರಿ, ಲಾಟ್ (ಒಂದು ಸಲಕ್ಕ ಒಡೀಲಾಕ ಹಾಕಿದ ಮಾಲು) ಮ್ಯಾಲ ತೆಗೀರಿ. ಇಶ್ಯೂ ಆಗೋವಾಗ ಒಂದು ಲಾಟ್ ನಂಬರ್, ಬ್ಯಾಳಿ ಚೀಲ ತುಂಬೋವಾಗ ಅದೇ ನಂಬರ್. ಸೂಪರ್‌ವೈಸರ್ ನೋಟ್‌ಬುಕ್ಕಿನಾಗ ಒಂದು ಕಾಲಮ್ ಹೆಚ್ಚು ಬರೀಬೇಕಾಗ್ತದ, ಅದನ್ನ ಒಪ್ಪಿಸೋದೇ ದೊಡ್ಡ ಕೆಲಸ, ಡ್ಯಾಕ್ಸ್ (ಪವರ್ ಬಿಐ ಫಾರ್ಮುಲಾ) ಬರ್ಯೋದು ಅದರ ಮುಂದ ಏನೂ ಅಲ್ಲ. ಲಾಟ್ ಮುಗಿಯೋ ತನಕ ರಿಕವರಿ ತೋರಿಸಲೇಬ್ಯಾಡ್ರಿ, "ನಡೀಲಕತ್ತದ" ಅಂತ ಬರೀರಿ ಸಾಕು. ಮುಗಿದ ಲಾಟಿಗೆ ಅಷ್ಟೇ ಪರ್ಸೆಂಟೇಜ್.

ಲಾಟ್ ಟೇಬಲ್ ಮಾಡೋವಾಗ ಮಾಲಿನ ಮೂಲಾನೂ ಒಂದು ಕಾಲಮ್ ಇಡ್ರಿ. 2019ರಾಗ ಗುಲ್ಬರ್ಗಾ ತೊಗರಿ ಬ್ಯಾಳಿಗೆ ಜಿಐ (ಇದೇ ಊರಿನ ಮಾಲು ಅನ್ನೋ ಭೌಗೋಳಿಕ ಗುರುತು) ಸಿಕ್ಕ ಮ್ಯಾಲ ಇದು ಇಲ್ಲಿನ ತೊಗರಿನೋ ಅಲ್ಲೋ ಅಂತ ಕೇಳೋ ಗಿರಾಕಿ ಬರ್ತಾರ, ಮತ್ತ ಮ್ಯಾನ್ಮಾರ್ ತೊಗರಿ, ಮೊಜಾಂಬಿಕ್ ತೊಗರಿ ಒಡೆಯೋ ಮಿಲ್ ಇದ್ರ ಕಾಳಿನ ಗಾತ್ರ, ಹಸಿ ಎಲ್ಲಾ ಬ್ಯಾರೆ, ರಿಕವರಿನೂ ಬ್ಯಾರೆ. ಎಲ್ಲಾ ಕೂಡಿಸಿ ಸರಾಸರಿ ತೆಗದ್ರ ಯಾವ ಮಾಲು ಲಾಭ ಕೊಡ್ತದ ಅನ್ನೂದು ಸಾವಕಾರ್ರಿಗೆ ಯಾವತ್ತೂ ಕಾಣಂಗಿಲ್ಲ, ಆದ್ರ ಅವರಿಗೆ ಬೇಕಾಗಿದ್ದು ಅದೇ.

ಇನ್ನೊಂದು. ವರ್ಷದ ಹೋಲಿಕಿ ಏಪ್ರಿಲ್‌ದಿಂದ ಮಾರ್ಚ್ ಅಂತ ಇಟ್ಟೀರಿ ಅನ್ಸ್ತದ. ಸಿಎ ಸಾಹೇಬ್ರಿಗೆ ಅದು ಬೇಕು, ಟೋಟಲ್‌ವೈಟಿಡಿ ಫಂಕ್ಷನ್ನಿಗೆ (ವರ್ಷದ ಶುರುವಿನಿಂದ ಇಲ್ಲೀ ತನಕದ ಮೊತ್ತ ತೆಗ್ಯೋದು) ವರ್ಷದ ಕೊನೀ ದಿನ ಮಾರ್ಚ್ 31 ಅಂತ ಕೊಟ್ರ ಆಗ್ತದ. ಆದ್ರ ಸಾವಕಾರ್ರ ತಲ್ಯಾಗ ವರ್ಷ ಅಂದ್ರ ಹಂಗಾಮು. ಜೂನ್ ಜುಲೈದಾಗ ಬಿತ್ತಿದ್ದು ಡಿಸೆಂಬರ್ ಜನವರಿಗೆ ರಾಶಿ ಆಗಿ ಗಂಜಿಗೆ (ಮಾರ್ಕೆಟ್ ಯಾರ್ಡಿಗೆ) ಬರ್ತದ, ಆ ಮಾಲು ಮುಂದಿನ ದೀಪಾವಳಿ ತನಕ ಒಡೀತಾರ. ಡೇಟ್ ಟೇಬಲ್ಲಿನಾಗ ಡಿಸೆಂಬರ್‌ದಿಂದ ಶುರು ಆಗೋ ಹಂಗಾಮಿನ ಕಾಲಮ್ ಒಂದು ಸೇರಿಸ್ರಿ. ಹೋದ ಹಂಗಾಮಿನಾಗ ಇದೇ ಹೊತ್ತಿಗೆ ಎಷ್ಟು ಖರೀದಿ ಇತ್ತು ಅಂತ ಒಂದು ನಂಬರ್ ತೋರಿಸಿ ನೋಡ್ರಿ, ಅವರು ತಾವೇ ಫೋನ್ ತೆಗೀತಾರ.

ಹತ್ತಿ ಲೆಕ್ಕ, ಶಹಾಪುರ

ನಾನು ಡ್ಯಾಶ್‌ಬೋರ್ಡ್ ಮಾಡೋನಲ್ಲಮ್ಮಾ, ಯಾದಗಿರಿ ಜಿಲ್ಲೆಯಾಗ ಒಂದು ಜಿನ್ನಿಂಗ್ ಮಿಲ್ಲಿನಾಗ ಲೆಕ್ಕ ಬರೀತೀನಿ, ಅಂದ್ರ ನೀವು ಹೇಳೋ ಮುನೀಮರ ಜಾಗದಾಗ ಕೂತಾಂವ. ನಮ್ಮ ಮಿಲ್ಲಿಗೂ ಇದು ಬಂದದ, ಅದಕ್ಕ ಈ ಕಡಿಂದ ಹೇಳ್ತೀನಿ.

ಉದ್ರಿ ಯಾಕ ತಾಳೆ ಆಗೂದಿಲ್ಲ ಅಂದ್ರ ಮುನೀಮ ಹೇಳೋ ಉದ್ರಿ ಪೂರಾ ಟ್ಯಾಲಿಯೊಳಗ ಇರೂದಿಲ್ಲ. ಲಾರಿ ಹೋಗ್ಯದ, ಬಿಲ್ ಆಗ್ಯದ, ಆದ್ರ ಪಾರ್ಟಿ ಮಾಲು ಇಳಿಸಿಕೊಂಡು ತೂಕ ಕಡಿಮಿ, ಕ್ವಾಲಿಟಿ ಕಟ್ ಅಂತ ಫೋನ್ ಮಾಡ್ಯಾನ. ಆ ಕಡಿತ ನನಗ ಗೊತ್ತದ, ಕ್ರೆಡಿಟ್ ನೋಟ್ ತಿಂಗಳ ಕೊನೀಗೆ ಹಾಕ್ತೀನಿ. ಒಬ್ಬ ಚೆಕ್ ಕೊಟ್ಟಾನ, ಮುಂದಿನ ತಾರೀಖಿಂದು, ಅದು ನನ್ನ ಡ್ರಾವರ್‌ದಾಗ ಅದ, ಖಾತೆದಾಗ ಇಲ್ಲ. ಇನ್ನೊಬ್ಬ ಮಾಲೂ ಕೊಡ್ತಾನ ಮಾಲೂ ತಗೋತಾನ, ಅವಂದು ಎರಡು ಲೆಡ್ಜರ್ ಅವ, ಒಂದು ಕೊಡೋರ ಗುಂಪಿನಾಗ, ಒಂದು ತಗೊಳೋರ ಗುಂಪಿನಾಗ, ನಾನು ಎರಡೂ ತಾಳೆ ಹಾಕಿ ಹೇಳ್ತೀನಿ, ನಿಮ್ಮ ಪೇಜ್ ಒಂದನ್ನೇ ಹೇಳ್ತದ. ಈ ಮೂರೂ ಸೇರಿದ್ರ ಫರಕು ಲಕ್ಷಗಟ್ಲೆ ಆಗ್ತದ, ಯಾರೂ ಸುಳ್ಳು ಹೇಳಿಲ್ಲ.

ಪಾರ್ಟಿ ಹೆಸರು ಸರಿ ಮಾಡೋ ಕೆಲಸ ಅಂತೂ ಕೇಳಬ್ಯಾಡ್ರಿ. ಒಂದೇ ಅಡತ್ (ಕಮಿಷನ್ ಏಜೆಂಟ್) ಅಂಗಡಿ ಟ್ಯಾಲಿಯೊಳಗ ನಾಕು ನಮೂನಿ ಇರ್ತದ, ಒಂದ್ರಾಗ "ಆ್ಯಂಡ್ ಸನ್ಸ್" ಅದ, ಇನ್ನೊಂದ್ರಾಗ ಇಲ್ಲ, ಒಂದ್ರಾಗ ಊರು ಗುಲ್ಬರ್ಗಾ, 2014ರ ಮ್ಯಾಲ ತೆರೆದಿದ್ರಾಗ ಕಲಬುರಗಿ. ಇದನ್ನ ಕಂಪ್ಯೂಟರ್ ಮ್ಯಾಲ ಬಿಡಬ್ಯಾಡ್ರಿ, ಪ್ರಿಂಟ್ ತಗೊಂಡು ಮುನೀಮರ ಮುಂದ ಕೂತು ಒಂದೊಂದು ಗೆರಿ ಹಾಕಿಸ್ಕೋರಿ, ಇದೂ ಅದೂ ಒಂದೇ, ಇವ ಅವನ ತಮ್ಮ, ಖಾತೆ ಬ್ಯಾರೆ, ಹಿಂಗ. ಅವರಿಗೆ ಅಷ್ಟೂ ಬಾಯಿಪಾಠ. ಜಿಎಸ್‌ಟಿ ನಂಬರ್ ಇದ್ದಲ್ಲಿ ಅದರ ಮ್ಯಾಲ ಕೂಡಿಸ್ರಿ, ಹೆಸರಿನ ಮ್ಯಾಲ ಅಲ್ಲ.

ನಮ್ಮಲ್ಲಿ ಬಂದ ಹುಡುಗ ಇದನ್ನೆಲ್ಲಾ ಕೇಳಲೇ ಇಲ್ಲ. ಹತ್ತಿ ಖರೀದಿ ಕ್ವಿಂಟಲ್ ಲೆಕ್ಕದಾಗ, ಅರಳಿ (ಬೀಜ ತೆಗೆದ ಹತ್ತಿ) ಕಟ್ಟೋದು 170 ಕಿಲೋ ಬೇಲ್‌ದಾಗ, ಮಾರೋ ರೇಟ್ ಖಂಡಿ ಮ್ಯಾಲ, ಖಂಡಿ ಅಂದ್ರ ಸುಮಾರು 356 ಕಿಲೋ. ಅಂವ ಮೂರನ್ನೂ ಒಂದೇ ಚಾರ್ಟಿನಾಗ ಹಾಕಿ ಮಾಲಕರಿಗೆ ತೋರಿಸಿದ, ನೂರು ಕಿಲೋ ಹತ್ತಿಗೆ ಅರಳಿ 33-36 ಕಿಲೋ ಬರೋದು ಎಲ್ಲಾರಿಗೂ ಗೊತ್ತು, ಆ ಚಾರ್ಟಿನಾಗ ಬ್ಯಾರೆನೇ ಏನೋ ಬಂದಿತ್ತು. ಮಾಲಕರು ನನ್ನ ಮಾರಿ ನೋಡಿದ್ರು, ನನ್ನ ಲೆಕ್ಕದಾಗ ತಪ್ಪದ ಏನೋ ಅನ್ನೋ ಹಂಗ. ಇಷ್ಟು ವರ್ಷ ಬರದ ಖಾತೆ ಮ್ಯಾಲ ಒಂದು ಸ್ಕ್ರೀನ್ ಬಂದು ಸಂಶಯ ತಂದ್ರ ಯಾವ ಲೆಕ್ಕದಾಂವ ತಾನೇ ನಿಮಗ ಸಹಾಯ ಮಾಡ್ತಾನ ಹೇಳ್ರಿ? ನಿಮ್ಮ ಮುನೀಮರು ಸ್ಕ್ರೀನ್ ನೋಡಿ ಬಾಯಿ ಬಿಟ್ಟು ಹೇಳ್ಯಾರಲ್ಲ, ಅದು ಒಳ್ಳೇದು. ಸುಮ್ಮನಿದ್ದಿದ್ರ ಕಷ್ಟ ಇತ್ತು. ಮೊದಲ ಅವರ ಹತ್ರ ಹೋಗ್ರಿ, ಸಾವಕಾರ್ರ ಹತ್ರ ಆಮ್ಯಾಲ.

ಸೇಡಂ ರೋಡ್

ನನ್ನ ಪ್ರಶ್ನೆ ಬೇರೆ. ನಾಕು ಮಂದಿ ನೋಡೋ ರಿಪೋರ್ಟಿಗೆ ಪವರ್ ಬಿಐ ಯಾಕ ಬೇಕು? ನೋಡೋರಿಗೂ ಪ್ರೊ ಲೈಸೆನ್ಸ್ ಬೇಕು, 2025ರ ಏಪ್ರಿಲ್‌ದಿಂದ 10 ಡಾಲರ್ ಇದ್ದಿದ್ದು 14 ಆಗ್ಯದ, ಅದೂ ತಲಿಗೆ, ತಿಂಗಳಿಗೆ. ಗೂಗಲ್ ಕಂಪನಿಯ ಲುಕರ್ ಸ್ಟುಡಿಯೋ ಪುಕ್ಕಟ ಅದ, ಗೂಗಲ್ ಶೀಟಿಗೆ ನೇರ ಕೂಡ್ತದ, ಮೊಬೈಲ್‌ದಾಗ ಒಂದು ಲಿಂಕ್ ಒತ್ತಿದ್ರ ತೆರೀತದ. ಸಣ್ಣ ಮಿಲ್ಲಿಗೆ ಅಷ್ಟು ಸಾಕು.

ಕೋಟೆ ಕಡಿಯಾಂವ, ಬೀದರ್

ಸಣ್ಣ ಅಂಗಡಿಗೆ ನೀವು ಹೇಳಿದ್ದು ಖರೇ, ನಾನೂ ಎಷ್ಟೋ ಕಡಿ ಅದನ್ನೇ ಕೊಟ್ಟೀನಿ. ಆದ್ರ ಇವರ ಮಿಲ್ಲಿನಾಗ ಟ್ಯಾಲಿ, ಕಾಟಾ, ಉತ್ಪಾದನಿ ಮೂರೂ ಕೂಡಿಸಬೇಕು, ಲಾಟ್ ಮ್ಯಾಲ, ಹಂಗಾಮಿನ ಮ್ಯಾಲ ಹೋಲಿಕಿ ಬೇಕು. ನಡುವ ಮಾಡೆಲ್ ಇಲ್ಲದೇ ಇದೆಲ್ಲಾ ಶೀಟಿನಾಗ ಮಾಡ್ಲಾಕ ಹೋದ್ರ ಆರು ತಿಂಗಳಿಗೆ ಯಾರಿಗೂ ತಿಳಿಯದಂಗ ಆಗ್ತದ. ಫ್ಯಾಕ್ಟ್ ಟೇಬಲ್ (ದಿನದ ವ್ಯವಹಾರದ ಸಾಲುಗಳು) ಬ್ಯಾರೆ, ಪಾರ್ಟಿ, ಮಾಲು, ತಾರೀಖು ಬ್ಯಾರೆ ಬ್ಯಾರೆ ಟೇಬಲ್, ರಾಲ್ಫ್ ಕಿಂಬಲ್ ಅನ್ನೋ ಡೇಟಾ ತಜ್ಞ ಹೇಳಿದ ಸ್ಟಾರ್ ಸ್ಕೀಮಾ, ಅದು ಹಳೇದಾದ್ರೂ ಇವತ್ತಿಗೂ ಅದೇ ನಡೀತದ.

ಲಿಂಕ್ ಒತ್ತಿದ್ರ ತೆರೀತದ ಅಂದ್ರೆಲ್ಲ, ಒಂದು ಎಚ್ಚರಿಕಿ ಎಲ್ಲಾರಿಗೂ. ಲೈಸೆನ್ಸ್ ಉಳಿಸ್ಲಾಕ ಪವರ್ ಬಿಐ ಒಳಗ "ಪಬ್ಲಿಶ್ ಟು ವೆಬ್" ಕೊಟ್ಟು ಆ ಲಿಂಕ್ ವಾಟ್ಸಾಪ್‌ದಾಗ ಹಾಕೋರು ಭಾಳ ಮಂದಿ ಅದಾರ. ಅದಕ್ಕ ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ, ಲಿಂಕ್ ಸಿಕ್ಕ ಯಾರು ಬೇಕಾದ್ರೂ ನೋಡಬಹುದು. ಒಬ್ಬ ಸಾವಕಾರ ಯಾವ ರೇಟಿಗೆ ಖರೀದಿ ಮಾಡ್ಯಾನ, ಯಾರ ಹತ್ರ ಎಷ್ಟು ಉದ್ರಿ ಅದ ಅನ್ನೂದು ಗಂಜಿನಾಗ ಮಂದಿ ಕೈಗೆ ಸಿಕ್ರ ಅವನ ವ್ಯಾಪಾರ ಮುಗೀತು. ಕ್ಲೈಂಟ್ ಡೇಟಾಕ್ಕ ಅದನ್ನ ಯಾವತ್ತೂ ಬಳಸಬ್ಯಾಡ್ರಿ. ಲುಕರ್‌ದಾಗೂ ಲಿಂಕ್ ಇದ್ದ ಎಲ್ಲಾರಿಗೂ ಅಂತ ಕೊಡಬ್ಯಾಡ್ರಿ, ಮೇಲ್ ಐಡಿ ಹಾಕಿ ಕೊಡ್ರಿ.

ತೊಗರಿನಾಡು, ಕಲಬುರಗಿ

ಶಹಾಪುರದ ಅಣ್ಣಾ, ನಿಮ್ಮ ಮಾತು ಓದಿ ನಿನ್ನೆನೇ ಮುನೀಮರ ಹತ್ರ ಹೋಗಿ ಕೂತೆ. ಪಾರ್ಟಿ ಪಟ್ಟಿ ಪ್ರಿಂಟ್ ಹಾಕಿಸಿ ಒಯ್ದಿದ್ದೆ, ಕೆಂಪು ಪೆನ್ ತಗೊಂಡು ಅವರೇ ಗೆರಿ ಹಾಕ್ಲಾಕ ಶುರು ಮಾಡಿದ್ರು, ಚಹಾ ತರ್ಸಿದ್ರು. ಒಂದು ಪಾರ್ಟಿಗೆ ಅಪ್ಪನ ಹೆಸರಿನಾಗ ಒಂದು, ಮಗನ ಹೆಸರಿನಾಗ ಒಂದು, ಅಂಗಡಿ ಹೆಸರಿನಾಗ ಒಂದು ಲೆಡ್ಜರ್ ಅದ, ಉದ್ರಿ ಕೇಳೋದು ಮಾತ್ರ ಅಪ್ಪನ್ನ. ಇದು ಯಾವ ಟೇಬಲ್ಲಿನಾಗೂ ಇರಲಿಲ್ಲ. ಈಗ "ವಸೂಲಿ ಯಾರ ಹತ್ರ" ಅಂತ ಒಂದು ಕಾಲಮ್ ಮಾಡೀನಿ, ಮುನೀಮರು ಹೇಳ್ದಂಗ ತುಂಬೀನಿ. ಡ್ರಾವರ್‌ದಾಗಿನ ಚೆಕ್ಕಿಗೂ ಒಂದು ಸಣ್ಣ ಶೀಟ್ ಮಾಡಿ ಕೊಟ್ಟೀನಿ.

ಬೀದರ್ ಅಣ್ಣಾ, ಲಾಟ್ ವಿಷಯ ಸೂಪರ್‌ವೈಸರ್ ಒಪ್ಯಾನ, ನೋಟ್‌ಬುಕ್ಕಿನಾಗ ಗೆರಿ ಹೊಡದು ಹೊಸಾ ಕಾಲಮ್ ನಾನೇ ಹಾಕಿ ಬಂದೀನಿ. ಇನ್ನ ರೇಟ್ ಮತ್ತ ರಿಫ್ರೆಶ್ ಬಗ್ಗೆ ಯಾರರ ಹೇಳ್ರಿ.

ಲೆಕ್ಕ ಪಕ್ಕಾ, ಕಲಬುರಗಿ

ರೇಟ್ ಬಗ್ಗೆ ನಾ ಹೇಳ್ತೀನಿ. ಮೂರು ಭಾಗ ಮಾಡ್ರಿ. ಮೊದಲ್ನೇದು ಡೇಟಾ ನೋಡಿ ತಾಳೆ ಹಾಕೋ ಕೆಲಸ, ಈಗ ನೀವು ಮುನೀಮರ ಮುಂದ ಕೂತು ಮಾಡ್ಲಕತ್ತೀರಲ್ಲ, ಅದೇ. ಇದಕ್ಕ ದಿನದ ಲೆಕ್ಕದಾಗ ದುಡ್ಡು ತಗೋರಿ, ಯಾಕಂದ್ರ ಖಾತೆಯೊಳಗ ಏನಿದೆ ಅಂತ ಒಳಗ ಹೋಗೋ ತನಕ ಯಾರಿಗೂ ಗೊತ್ತಿರಂಗಿಲ್ಲ. ನಮ್ಮ ಕಡಿ ಇದನ್ನ ಪುಕ್ಕಟ ಮಾಡಿ ಚಾರ್ಟಿಗೆ ಅಷ್ಟೇ ದುಡ್ಡು ಕೇಳ್ತಾರ, ಆದ್ರ ಹೆಚ್ಚು ಹೊತ್ತು ಹೋಗೋದು ಇದ್ರಾಗೇ. ಎರಡ್ನೇದು ಕಟ್ಟೋ ಕೆಲಸ, ಇಂತಿಂಥ ಪೇಜ್, ಇಂತಿಂಥ ನಂಬರ್, ಒಂದೊಂದು ನಂಬರಿಗೂ ಅರ್ಥ ಏನು ಅಂತ ಕನ್ನಡದಾಗೇ ಒಂದು ಹಾಳಿ ಬರದು ಇಬ್ರೂ ಸಹಿ ಹಾಕ್ರಿ, ಇದಕ್ಕ ಫಿಕ್ಸ್ ರೇಟ್. "ಉದ್ರಿ ಅಂದ್ರ ಇಷ್ಟನೇ ತಾರೀಖಿನ ತನಕ ಬಿಲ್ ಆಗಿದ್ದು, ಬಾಕಿ ಚೆಕ್ ಕಳದಿದ್ದು" ಅಂತ ಆ ಹಾಳಿಯೊಳಗ ಇದ್ರ ಮುಂದ ಜಗಳ ಇಲ್ಲ. ಮೂರ್ನೇದು ತಿಂಗಳ ಫೀ, ರಿಫ್ರೆಶ್ ನೋಡ್ಕೊಳ್ಳೋದು, ಹೊಸಾ ಪಾರ್ಟಿ ಸೇರಿಸೋದು, ಸಣ್ಣ ಪುಟ್ಟ ಬದಲಾವಣಿ. "ಇನ್ನೊಂದು ಚಾರ್ಟ್" ಅನ್ನೂದು ಇದ್ರಾಗ ಇಷ್ಟು ತಾಸಿನ ತನಕ ಅಂತ ಬರೀರಿ, ಮೀರಿದ್ರ ಬ್ಯಾರೆ ರೇಟ್. ಈಗ ನಡ್ಯೋ ಕೆಲಸಕ್ಕೂ ತಡ ಆಗಿಲ್ಲ, ಮೊದಲು ಒಪ್ಪಿದ ನಾಕು ಪೇಜ್ ತಾಳೆ ಆದ ದಿನ ಕೆಲಸ ಮುಗೀತು ಅಂತ ಬರಸ್ಕೊಂಡು ಮುಂದಿಂದು ತಿಂಗಳ ಫೀ ಮ್ಯಾಲ ತರ್ರಿ.

ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ) ಮಾಡಿಸೀರೋ ಇಲ್ಲೋ? ಸರ್ಕಾರದ ಪೋರ್ಟಲ್‌ದಾಗ ಪುಕ್ಕಟ ಆಗ್ತದ, ದುಡ್ಡು ಕೇಳೋ ಏಜೆಂಟ್ ಹತ್ರ ಹೋಗಬ್ಯಾಡ್ರಿ. ಅದು ಇದ್ರ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ರೂ 45 ದಿನದೊಳಗ, ಇಲ್ಲದಿದ್ರ 15 ದಿನದೊಳಗ ನಿಮ್ಮ ಬಿಲ್ ಕೊಡಬೇಕು. 2023-24ರ ಆರ್ಥಿಕ ವರ್ಷದಿಂದ ಆದಾಯ ತೆರಿಗಿಯ 43ಬಿ(ಎಚ್) ಕಲಂ ಬಂದ ಮ್ಯಾಲ ಅವಧಿ ಮೀರಿ ಬಾಕಿ ಇಟ್ರ ಆ ಖರ್ಚು ಅವರಿಗೆ ಆ ವರ್ಷ ಲೆಕ್ಕಕ್ಕ ಸಿಗಂಗಿಲ್ಲ, ಕೊಟ್ಟ ವರ್ಷಕ್ಕ ಅಷ್ಟೇ ಸಿಗ್ತದ. ಅದಕ್ಕ ಮಾರ್ಚ್‌ದಾಗ ಸಿಎಗಳೇ ಫೋನ್ ಮಾಡಿ ನಿಮ್ಮ ಬಾಕಿ ಎಷ್ಟು ಅಂತ ಕೇಳ್ತಾರ. ಬಿಲ್ ಮ್ಯಾಲ ಉದ್ಯಮ್ ನಂಬರ್ ತಪ್ಪದೇ ಹಾಕ್ರಿ.

ಜಿಎಸ್‌ಟಿ ಸೇವೆಗೆ ವರ್ಷಕ್ಕ 20 ಲಕ್ಷದ ತನಕ ಬೇಕಾಗಿಲ್ಲ, ದಾಟಿದ್ರ 18 ಪರ್ಸೆಂಟ್ ಹಚ್ಚಬೇಕು. ಹೊರದೇಶದ ಕೆಲಸ ಮಾಡಿದ್ರ ಆ ದುಡ್ಡೂ 20 ಲಕ್ಷದ ಲೆಕ್ಕಕ್ಕ ಬರ್ತದ, ಇದು ಭಾಳ ಮಂದಿಗೆ ಗೊತ್ತಿಲ್ಲ, ಲೆಟರ್ ಆಫ್ ಅಂಡರ್‌ಟೇಕಿಂಗ್ ಕೊಟ್ರ ತೆರಿಗಿ ಹಚ್ಚದೇ ಕಳಿಸಬಹುದು. ಲೈಸೆನ್ಸ್ ಮಾತ್ರ ಕ್ಲೈಂಟ್ ಹೆಸರಿನಾಗೇ ತಗೋರಿ, ಅವರ ಕಾರ್ಡ್, ಅವರ ಡೊಮೇನ್. ನೀವು ನಾಳೆ ಬಿಟ್ರೂ ಅವರ ರಿಪೋರ್ಟ್ ಅವರ ಹತ್ರ ಇರಬೇಕು, ಇದು ನಿಮ್ಮ ಮರ್ಯಾದಿಗೂ ಒಳ್ಳೇದು.

ಕೋಟೆ ಕಡಿಯಾಂವ, ಬೀದರ್

ಡೊಮೇನ್ ಅಂದ್ರೆಲ್ಲ, ಅದು ಖರೇನೇ ಬೇಕು, ಜಿಮೇಲ್ ಐಡಿಯಿಂದ ಪವರ್ ಬಿಐ ಸೈನ್ ಅಪ್ ಆಗಂಗಿಲ್ಲ, ಕಂಪನಿ ಮೇಲ್ ಇರಬೇಕು. ಮೊದಲ್ನೇ ದಿನಾನೇ ಹೇಳಿಬಿಡ್ರಿ.

ರಿಫ್ರೆಶ್ ಫೇಲ್ ಆಗೋದಕ್ಕ ಕಾರಣ ನಾ ಇಲ್ಲಿ ಕೂತೇ ಹೇಳ್ತೀನಿ, ಮಿಲ್ಲಿನ ಡೇಟಾ ಪವರ್ ಬಿಐಗೆ ಮುಟ್ಟಿಸೋ ಗೇಟ್‌ವೇ ಹಾಕಿದ ಕಂಪ್ಯೂಟರ್ ಮುನೀಮರದು ಇರಬೇಕು, ಸಂಜಿಕ್ ಹೋಗೋವಾಗ ಅವರು ಮೇನ್ ಸ್ವಿಚ್ ಆರಿಸಿ ಹೋಗ್ತಾರ, ನೀವು ಮುಂಜಾನಿ ಆರಕ್ಕ ರಿಫ್ರೆಶ್ ಇಟ್ಟೀರಿ. ಮಷೀನ್ ಬಂದ್ ಇದ್ರ ಗೇಟ್‌ವೇ ಬಂದ್. ಟ್ಯಾಲಿದು ಇನ್ನೊಂದು ಅದ, ಅದು ಓಪನ್ ಇರಬೇಕು, ಕಂಪನಿ ಲೋಡ್ ಆಗಿರಬೇಕು, ಕನೆಕ್ಟಿವಿಟಿ ಸೆಟ್ಟಿಂಗ್‌ದಾಗ ಒಡಿಬಿಸಿ (ಹೊರಗಿನ ಸಾಫ್ಟ್‌ವೇರ್ ಡೇಟಾ ಓದೋ ದಾರಿ) ಆನ್, ಪೋರ್ಟ್ 9000. ಟ್ಯಾಲಿ ಮುಚ್ಚಿದ್ರ ಆ ಪೋರ್ಟಿನಾಗ ಉತ್ತರ ಕೊಡ್ಲಾಕ ಯಾರೂ ಇರಂಗಿಲ್ಲ. ಅದಕ್ಕ ನಾ ಟ್ಯಾಲಿಗೆ ನೇರ ಕೂಡಂಗಿಲ್ಲ, ಟ್ಯಾಲಿ ತೆರೆದಿದ್ದಾಗ ಒಂದು ಸಣ್ಣ ಸ್ಕ್ರಿಪ್ಟ್ ಎಕ್ಸ್‌ಎಂಎಲ್‌ದಾಗ ದಿನದ ವೋಚರ್ ತೆಗದು ಡೇಟಾಬೇಸಿಗೆ ಹಾಕ್ತದ, ಪವರ್ ಬಿಐ ಆ ಡೇಟಾಬೇಸ್ ಓದ್ತದ. ನಿಮಗ ಈಗ ಅಷ್ಟೆಲ್ಲಾ ಬ್ಯಾಡ ಅಂದ್ರ ರಿಫ್ರೆಶ್ ವ್ಯಾಳ್ಯಾ ಬದಲಿಸ್ರಿ. ಪ್ರೊದಾಗ ದಿನಕ್ಕ 8 ಸಲ ಸಿಗ್ತದ, ಮುನೀಮರು ಬಂದು ಕೂತ ಮ್ಯಾಲ 11ಕ್ಕ ಒಂದು, ಊಟ ಆದ ಮ್ಯಾಲ ಒಂದು, ಅವರು ಎದ್ದು ಹೋಗೋ ಮೊದಲು ಒಂದು. ಟೈಮ್ ಝೋನ್ ಭಾರತದ್ದು ಅದ ಏನು ನೋಡ್ರಿ. ಸತತ ನಾಕು ಸಲ ಫೇಲ್ ಆದ್ರ ಶೆಡ್ಯೂಲ್ ತಾನೇ ಬಂದ್ ಆಗ್ತದ, ಮೇಲ್ ಬರೋದು ನಿಂತ್ರ ಸರಿ ಆಯ್ತು ಅಂತ ತಿಳ್ಕೋಬ್ಯಾಡ್ರಿ. ಮತ್ತ ಪೇಜಿನ ಮ್ಯಾಲೇ "ಡೇಟಾ ಇಷ್ಟು ಹೊತ್ತಿನ ತನಕ" ಅಂತ ದೊಡ್ಡ ಅಕ್ಷರದಾಗ ತೋರಿಸ್ರಿ.

ಮಿಲಿಯನ್ ತೋರಿಸಬ್ಯಾಡ್ರಿ. ಪವರ್ ಬಿಐ ಡಿಸ್‌ಪ್ಲೇ ಯೂನಿಟ್‌ದಾಗ ಲಕ್ಷ ಕೋಟಿ ಇಲ್ಲ, ಆಟೋ ಬಿಟ್ರ 4.2 ಮಿಲಿಯನ್ ಅಂತ ಬರ್ತದ, ಗಂಜಿನಾಗ ಹಂಗ ಯಾರೂ ಮಾತಾಡಂಗಿಲ್ಲ. ಮೆಷರ್‌ದಾಗೇ 1 ಲಕ್ಷದಿಂದ ಭಾಗಿಸಿ ಮ್ಯಾಲ "ಲಕ್ಷ ರೂಪಾಯಿ" ಅಂತ ಬರೀರಿ, ಯೂನಿಟ್ "None" (ಯಾವ್ದೂ ಇಲ್ಲ) ಇಡ್ರಿ. ತೂಕಾನೂ ಕ್ವಿಂಟಲ್‌ದಾಗ.

ಪಿಡಿಎ ಫೈನಲ್ ಇಯರ್

ಸರ್, ಮೇಡಂ, ನಾ ಇಂಜಿನಿಯರಿಂಗ್ ಕೊನೇ ವರ್ಷ. ಬೆಂಗಳೂರಿಗೆ ಹೋಗದೇ ಇಲ್ಲೇ ಇದ್ದು ಈ ಕೆಲಸ ಮಾಡಬಹುದಾ? ಏನು ಕಲೀಬೇಕು? ಎಐ ಬಂದ ಮ್ಯಾಲ ಡ್ಯಾಶ್‌ಬೋರ್ಡ್ ತಾನೇ ಆಗ್ತದ ಅಂತಾರ, ಮನ್ಯಾಗ ಚಿಂತಿ ಮಾಡ್ಲಕತ್ತಾರ.

ಕೋಟೆ ಕಡಿಯಾಂವ, ಬೀದರ್

ತಮ್ಮಾ, ಎಸ್‌ಕ್ಯೂಎಲ್ ಗಟ್ಟಿ ಮಾಡ್ಕೋ, ಆಮ್ಯಾಲ ಪವರ್ ಬಿಐ ಡೆಸ್ಕ್‌ಟಾಪ್ ಪುಕ್ಕಟ ಅದ, ವಿಂಡೋಸ್ ಇದ್ರ ಇವತ್ತೇ ಇಳಿಸ್ಕೋ. ಮೈಕ್ರೋಸಾಫ್ಟಿನ ಪಿಎಲ್-300 ಅನ್ನೋ ಪವರ್ ಬಿಐ ಪರೀಕ್ಷೆ ಪಾಸಾದ್ರ ಇಂಟರ್‌ವ್ಯೂ ತನಕ ಒಯ್ತದ. ಅದರ ಜೊತಿಗೆ ಜಮಾ ಖರ್ಚು, ಲೆಡ್ಜರ್, ಜಿಎಸ್‌ಟಿ ಬಿಲ್ ಓದ್ಲಾಕ ಕಲಿ, ನಮ್ಮ ಕಡಿ ಕ್ಲೈಂಟ್ ಹಿಡೀಬೇಕಂದ್ರ ಇದೇ ಬೇಕು. ಎಐ ಚಾರ್ಟ್ ಮಾಡ್ತದ, ಡ್ಯಾಕ್ಸೂ ಬರೀತದ, ನಾನೂ ದಿನಾ ಬಳಸ್ತೀನಿ. ಅಪ್ಪನ ಲೆಡ್ಜರ್, ಮಗನ ಲೆಡ್ಜರ್ ಒಂದೇ ವಸೂಲಿ ಅನ್ನೂದು ಅದಕ್ಕ ಯಾರು ಹೇಳ್ತಾರ? ಹೋಗಿ ಕೇಳೋ ಮನುಷ್ಯಗ ಕೆಲಸ ಅದ.

ಇನ್ನೊಂದು, ಇಲ್ಲಿನ ಸೌಹಾರ್ದ ಸಹಕಾರಿಗಳ ಸದಸ್ಯರ ಪಟ್ಟಿ ಎಷ್ಟೋ ಹಳೇ ನುಡಿ ಫಾಂಟಿನಾಗ ಟೈಪ್ ಆಗಿರ್ತದ. ಅದನ್ನ ಹಂಗೇ ಎತ್ತಿ ಹಾಕಿದ್ರ ಹೆಸರಿನ ಜಾಗದಾಗ ಇಂಗ್ಲಿಷ್ ಗೀಚು ಕಾಣ್ತದ, ಮೊದಲ ಯುನಿಕೋಡ್‌ಗೆ ಬದಲಿಸಬೇಕು, ಬದಲಿಸಿದ ಮ್ಯಾಲ ಒತ್ತಕ್ಷರ ಒಂದೊಂದು ನೋಡಬೇಕು. ಹಿಂಥಾ ಕೆಲಸಕ್ಕ ಕನ್ನಡ ಓದೋ ಹುಡುಗ್ರೇ ಬೇಕು, ಬೀದರ್‌ದಾಗ ನಮ್ಮ ಹತ್ರ ಅದ, ಮಾಡ್ತೀ ಅಂದ್ರ ಇಲ್ಲೇ ಮೆಸೇಜ್ ಹಾಕು.

ಹತ್ತಿ ಲೆಕ್ಕ, ಶಹಾಪುರ

ಕಲಬುರಗಿ ತಂಗಿ, ತಾಳೆ ಆದ ಮ್ಯಾಲ ಒಂದು ಕೆಲಸ ಮಾಡು. ಡ್ಯಾಶ್‌ಬೋರ್ಡಿನ ಕೊನೇ ಪೇಜ್ ಮುನೀಮರಿಗೇ ಅಂತ ಬಿಡು. ಟ್ಯಾಲಿ ಹೇಳೋ ಮೊತ್ತ ಇಷ್ಟು, ಡ್ಯಾಶ್‌ಬೋರ್ಡ್ ಹೇಳೋದು ಇಷ್ಟು, ಫರಕು ಇಷ್ಟು, ಯಾವ ಬಿಲ್ಲಿಂದ ಫರಕು. ನಾನು ಮುಂಜಾನಿ ಅದೊಂದೇ ತೆಗದು ನೋಡ್ತೀನಿ ಈಗ. ಎರಡ್ನೇ ಸಲ ಬಂದ ಕನ್ಸಲ್ಟಂಟ್ ಅದನ್ನ ಮಾಡಿ ಕೊಟ್ಟ ಮ್ಯಾಲ ಮಾಲಕರು ನಂಬರ್ ಕೇಳಿದ್ರ ನಾನೇ "ಫೋನ್‌ದಾಗ ನೋಡ್ರಿ, ಸರಿ ಅದ" ಅಂತೀನಿ. ಫರಕು ಸೊನ್ನಿ ಬಂದ ದಿನ ನನಗೂ ಸಮಾಧಾನ.

ತೊಗರಿನಾಡು, ಕಲಬುರಗಿ

ಅಣ್ಣಾ, ಆ ಪೇಜ್ ಇವತ್ತೇ ಶುರು ಮಾಡ್ತೀನಿ. ಎಲ್ಲಾರಿಗೂ ಭಾಳ ಉಪಕಾರ ಆಯ್ತು. ರಿಫ್ರೆಶ್ 11ಕ್ಕ ಇಟ್ಟ ಮ್ಯಾಲ ಫೇಲ್ ಆಗಿಲ್ಲ. ಸಾವಕಾರ್ರ ಮಗನ ಜೋಡಿ ತಿಂಗಳ ಫೀ ಮಾತಾಡೀನಿ, ನಂಬರಿನ ಅರ್ಥದ ಹಾಳಿ ಬರದು ಕೊಡ್ರಿ ಸಹಿ ಹಾಕ್ತೀವಿ ಅಂದಾನ.

ಒಂದು ಕೊನೇ ಪ್ರಶ್ನೆ. ಲಾಟ್ ನಂಬರ್ ಬರೀಲಾಕ ಶುರು ಮಾಡಿದ ಮ್ಯಾಲ ಗೊತ್ತಾಯ್ತು, ಕೆಲವು ಲಾಟ್ ಮಿಲ್ಲಿನ ಸ್ವಂತ ತೊಗರಿನೇ ಅಲ್ಲ, ಬ್ಯಾರೆ ವ್ಯಾಪಾರಿಗಳು ತಂದು ಕೂಲಿ ಕೊಟ್ಟು ಒಡಿಸ್ಕೊಂಡು ಹೋಗ್ತಾರ. ಖರೀದಿಯಾಗ ಅದು ಇಲ್ಲ, ಉತ್ಪಾದನಿಯಾಗ ಅದ. ಇದನ್ನ ಹೆಂಗ ತೋರಿಸ್ಲಿ?

ಕೋಟೆ ಕಡಿಯಾಂವ, ಬೀದರ್

ಜಾಬ್ ವರ್ಕ್ ಅದು. ನಿಮ್ಮ ಸ್ಟಾಕ್ ಯಾಕ ತಾಳೆ ಆಗ್ತಿರ್ಲಿಲ್ಲ ಅನ್ನೂದಕ್ಕ ಅರ್ಧ ಕಾರಣ ಇದೇ ಇರಬೇಕು. ಲಾಟ್ ಟೇಬಲ್ಲಿಗೆ ಮಾಲು ಯಾರದು ಅನ್ನೋ ಕಾಲಮ್ ಸೇರಿಸ್ರಿ, ಸ್ವಂತ ಇಲ್ಲಾ ಜಾಬ್ ವರ್ಕ್. ಮಷೀನ್ ಎಷ್ಟು ತಾಸು ಓಡಿತು, ದಿನಕ್ಕ ಎಷ್ಟು ಕ್ವಿಂಟಲ್ ಒಡೀತು ಅನ್ನೋ ಪೇಜಿನಾಗ ಎರಡೂ ಕೂಡಿಸ್ರಿ, ಕರೆಂಟ್ ಬಿಲ್ಲಿನ ಲೆಕ್ಕಕ್ಕ ಅದು ಬೇಕು. ಸ್ಟಾಕಿನ ಬೆಲಿ, ಖರೀದಿ, ಸ್ವಂತ ರಿಕವರಿ, ಈ ಮೂರ್ರಾಗ ಜಾಬ್ ವರ್ಕ್ ಬರಲೇಬಾರ್ದು. ಗೋಡೌನ್‌ದಾಗ ಚೀಲ ಎಣಿಸೋವಾಗ ಮಾತ್ರ ಅದನ್ನ ಬ್ಯಾರೆ ಸಾಲಿನಾಗ ತೋರಿಸ್ರಿ, ಇಲ್ಲಂದ್ರ ಎಣಿಸಿದ ಚೀಲ ಹೆಚ್ಚು, ಖಾತೆದಾಗ ಕಡಿಮಿ ಬರ್ತದ. ಹೊಟ್ಟು, ಚುನ್ನಿ, ನುಚ್ಚು ಯಾರಿಗೆ ಸೇರ್ತದ ಅನ್ನೂದು ಪಾರ್ಟಿಗೊಂದು ಮಾತು ಇರ್ತದ, ಕೆಲವರು ಬ್ಯಾಳಿ ಅಷ್ಟೇ ಒಯ್ದು ಉಳಿದಿದ್ದು ಕೂಲಿಗೆ ವಜಾ ಹಾಕ್ತಾರ. ಅದು ಎಲ್ಲೂ ಬರೆದಿಟ್ಟಿರಂಗಿಲ್ಲ, ಮುನೀಮರನ್ನ ಕೇಳಿ ಪಾರ್ಟಿ ಟೇಬಲ್ಲಿನಾಗ ಹಾಕ್ರಿ.